ಗಡಿ ಚೆಕ್-ಇನ್ ಕೌಂಟರಿಗೆ ಬಂದಿದ್ದ ಎರಡು ವರ್ಷ

2025ರ ಜನವರಿ ಮೊದಲ ವಾರ ಬೆಂಗಳೂರಿನಲ್ಲಿ ಎರಡು ಹಸುಗೂಸುಗಳಿಗೆ ಎಚ್‌ಎಂಪಿವಿ ಎಂಬ ಉಸಿರಾಟದ ವೈರಸ್ಸಿನ ಸೋಂಕು ಇದೆ ಎಂದು ಟಿವಿಯಲ್ಲಿ ಸುದ್ದಿ ಬಂತು. ಮಕ್ಕಳು ವಿದೇಶಕ್ಕೆ ಹೋಗಿ ಬಂದವರಲ್ಲ. ವೈರಸ್ಸೂ ಹೊಸದಲ್ಲ, ಡಾಕ್ಟರುಗಳಿಗೆ ಎಷ್ಟೋ ವರ್ಷದಿಂದ ಗೊತ್ತಿರುವುದೇ. ಆದರೂ ಸುದ್ದಿ ಬಂದ ಸ್ವಲ್ಪ ಹೊತ್ತಿಗೆಲ್ಲ ನಮ್ಮ ನೆಂಟರ ವಾಟ್ಸ್‌ಆಪ್ ಗುಂಪಿಗೆ ದುಬೈನಿಂದ ಮೆಸೇಜು: "ಫ್ಲೈಟ್ ನಿಲ್ಲಿಸ್ತಾರಾ? ಟಿಕೆಟ್ ಮಾಡ್ಸೋದಾ, ಬೇಡ್ವಾ?" ಕಾಯಿಲೆ ಎಂಥದ್ದು, ಮಕ್ಕಳು ಹೇಗಿದ್ದಾರೆ ಅಂತ ಆಮೇಲೆ ಕೇಳಿದರು.

ಈ ದಿಗಿಲು ಸುಮ್ನೆ ಬಂದದ್ದಲ್ಲ. ಕೋವಿಡ್ ಕಾಲದಲ್ಲಿ ಊರಿಗೂ ವಿದೇಶಕ್ಕೂ ನಡುವೆ ಸಿಕ್ಕಿಕೊಂಡವರಿಗೆ ಅದು ಇನ್ನೂ ಮರೆತಿಲ್ಲ. ಮುಂದಿನ ಸಲ ಹೀಗಾದರೆ ಏನು ಗತಿ ಎಂದು ಯೋಚಿಸುವ ಮೊದಲು, ಆಗ ನಿಜವಾಗಿ ಎಲ್ಲಿ ಎಡವಿದ್ದು ಎಂದು ನೋಡಬೇಕಲ್ಲವೇ?

ಭಾರತ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿದ್ದು 2020ರ ಮಾರ್ಚ್ 22ರಂದು. ಮೊದಲು ಹೇಳಿದ್ದು ಒಂದು ವಾರ ಅಂತ. ಆಮೇಲೆ ಗಡುವು ಮುಂದೆ ಮುಂದೆ ಹೋಗುತ್ತಲೇ ಇತ್ತು. ವೇಳಾಪಟ್ಟಿಯ ಪ್ರಕಾರ ವಿಮಾನಗಳು ಮತ್ತೆ ಹಾರಿದ್ದು 2022ರ ಮಾರ್ಚ್ 27ಕ್ಕೆ. ಅಂದರೆ ಎರಡು ವರ್ಷ. ಹಾಗಂತ ಆ ಎರಡು ವರ್ಷ ಆಕಾಶ ಖಾಲಿ ಇರಲಿಲ್ಲ. 2020ರ ಮೇ 7ರಂದು, ವಿದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದವು. ಮೇ 11ಕ್ಕೆ ಲಂಡನ್‌ನಿಂದ ಬೆಂಗಳೂರಿಗೆ, ಮೇ 12ಕ್ಕೆ ದುಬೈನಿಂದ ಮಂಗಳೂರಿಗೆ ಮೊದಲ ವಿಮಾನ ಬಂತು. ಜುಲೈಯಿಂದ ಅಮೆರಿಕ, ಫ್ರಾನ್ಸ್, ಜರ್ಮನಿಗಳ ಜೊತೆ ಏರ್ ಬಬಲ್ ಒಪ್ಪಂದ ಆಯಿತು. ಎರಡೂ ದೇಶದ ಏರ್‌ಲೈನ್‌ಗಳು ಇಷ್ಟಿಷ್ಟು ವಿಮಾನ ಹಾರಿಸುವುದು, ಇಂಥಿಂಥವರು ಮಾತ್ರ ಹತ್ತುವುದು ಎಂಬ ವ್ಯವಸ್ಥೆ ಅದು. ಕೊನೆ ಕೊನೆಗೆ ಇಂಥ ಒಪ್ಪಂದ ಮೂವತ್ತಕ್ಕೂ ಹೆಚ್ಚು ದೇಶಗಳ ಜೊತೆ ಇತ್ತು. 2021ರ ಜನವರಿಯಲ್ಲಿ, ಎಲ್ಲ ಮುಚ್ಚಿದ್ದ ಹೊತ್ತಲ್ಲೇ, ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನವೂ ಶುರುವಾಯಿತು. ಮಹಿಳಾ ಪೈಲಟ್‌ಗಳೇ ಅದನ್ನು ಹಾರಿಸಿಕೊಂಡು ಬಂದರು.

ವಿಮಾನ ಇತ್ತು. ಟಿಕೆಟ್ ದುಬಾರಿಯಾದರೂ ಸಿಗುತ್ತಿತ್ತು. ಹತ್ತಲು ಬಿಡುತ್ತಾರೋ ಇಲ್ಲವೋ ಎಂಬುದು ಮಾತ್ರ ಕೊನೇ ಗಳಿಗೆವರೆಗೆ ಗೊತ್ತಾಗುತ್ತಿರಲಿಲ್ಲ. ನಿಯಮ ಬಿಗಿ ಇದ್ದದ್ದನ್ನು ನಾನು ದೂರುವುದಿಲ್ಲ. ಸಾಯುವ ಕಾಲ ಅದು, ಬಿಗಿ ಇರಲೇಬೇಕಿತ್ತು. ಆದರೆ ನಿಯಮ ಬರೆದವರು ಒಂದು ಕಡೆ, ಅದನ್ನು ಓದಿ "ಹೋಗಿ" "ಹೋಗಬೇಡಿ" ಎನ್ನಬೇಕಾದವರು ಇನ್ನೊಂದು ಕಡೆ. ಆ ಕೆಲಸ ಬಿದ್ದದ್ದು ವಲಸೆ ಅಧಿಕಾರಿಯ ತಲೆ ಮೇಲಲ್ಲ, ಆರೋಗ್ಯ ಇಲಾಖೆಯ ತಲೆ ಮೇಲೂ ಅಲ್ಲ. ಏರ್‌ಲೈನ್ ಕೌಂಟರಿನಲ್ಲಿ ಮಾಸ್ಕು, ಫೇಸ್‌ಶೀಲ್ಡು ಹಾಕಿ ನಿಂತಿದ್ದ ಇಪ್ಪತ್ತೈದರ ಹುಡುಗ ಹುಡುಗಿಯರ ಮೇಲೆ.

ಇದಕ್ಕೆ ಹಳೆಯ ಕಾರಣವೊಂದಿದೆ. ಸರಿಯಾದ ಕಾಗದವಿಲ್ಲದ ಪ್ರಯಾಣಿಕನನ್ನು ಕರೆತಂದರೆ ಅವನನ್ನು ವಾಪಸ್ ಒಯ್ಯುವ ಹೊಣೆ ಏರ್‌ಲೈನ್‌ನದೇ. ಮೇಲೆ ದಂಡ ಬೇರೆ. ಭಾರತದಲ್ಲೂ 2000ನೇ ಇಸವಿಯಲ್ಲಿ ಇಂಥ ಕಾಯ್ದೆ ಬಂದಿತ್ತು, ಒಬ್ಬ ಪ್ರಯಾಣಿಕನಿಗೆ ಒಂದು ಲಕ್ಷ ರೂಪಾಯಿ ದಂಡ. ಹಾಗಾಗಿ ಏರ್‌ಲೈನ್‌ಗಳು ಟಿಮ್ಯಾಟಿಕ್ ಎಂಬ ಮಾಹಿತಿ ವ್ಯವಸ್ಥೆ ಇಟ್ಟುಕೊಂಡಿರುತ್ತವೆ. ಯಾವ ದೇಶಕ್ಕೆ ಯಾವ ಪಾಸ್‌ಪೋರ್ಟಿನವರು ಹೋಗಲು ಏನೇನು ಬೇಕು ಎಂದು ಅದರಲ್ಲಿ ನೋಡುತ್ತಾರೆ. ವೀಸಾ ನಿಯಮ ವರ್ಷಕ್ಕೊಮ್ಮೆಯೋ ಎರಡು ಸಲವೋ ಬದಲಾಗುವ ಕಾಲಕ್ಕೆ ಇದು ಚೆನ್ನಾಗಿತ್ತು. ಕೋವಿಡ್ ಕಾಲದಲ್ಲಿ ನಿಯಮ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಕೆಲವೊಮ್ಮೆ ವಿಮಾನ ಗಾಳಿಯಲ್ಲಿರುವಾಗಲೇ ಬದಲಾಗುತ್ತಿತ್ತು. ಸಂಶಯ ಬಂದರೆ ಕೌಂಟರಿನವರಿಗೆ ಸುಲಭದ ದಾರಿ ಒಂದೇ: ಹತ್ತಿಸದೇ ಇರುವುದು. ಹತ್ತಿಸಿ ತಪ್ಪಾದರೆ ಕಂಪನಿಗೆ ದಂಡ, ಅವರ ಕೆಲಸಕ್ಕೂ ಕುತ್ತು. ಹತ್ತಿಸದೆ ತಪ್ಪಾದರೆ ನಷ್ಟ ಪ್ರಯಾಣಿಕನದು ಮಾತ್ರ.

ಇದು ಹತ್ತಿರದಿಂದ ಹೇಗೆ ಕಾಣುತ್ತಿತ್ತು ಎಂದರೆ, 2021ರ ಡಿಸೆಂಬರಿನ ಒಂದು ರಾತ್ರಿ. ನಾನು ನಿಂತಿದ್ದ ಸಾಲಿನಲ್ಲಿ ಮುಂದೆ ಒಂದು ವಯಸ್ಸಾದ ಜೋಡಿ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದರು. ಟ್ರಾಲಿ ಮೇಲೆ ಎರಡು ದೊಡ್ಡ ಸೂಟ್‌ಕೇಸು, ಕೈಚೀಲದಲ್ಲಿ ಅಂಟಿನುಂಡೆ ಡಬ್ಬಿ. ಎಲ್ಲ ಕಾಗದವನ್ನೂ ಪ್ಲಾಸ್ಟಿಕ್ ಫೈಲಿನಲ್ಲಿ ಒಪ್ಪವಾಗಿ ಜೋಡಿಸಿದ್ದರು. ಕೌಂಟರಿನ ಹುಡುಗ ಆ ಅಮ್ಮನ ಆರ್‌ಟಿ-ಪಿಸಿಆರ್ ರಿಪೋರ್ಟನ್ನು ಎರಡು ಸಲ ನೋಡಿದ, ಪಾಸ್‌ಪೋರ್ಟ್ ನೋಡಿದ.

"ಅಮ್ಮಾ, ಇದರಲ್ಲಿ ಬೇರೆ ಹೆಸರಿದೆಯಲ್ಲ?"

"ಅದು ನಾನೇ ಕಣಪ್ಪಾ. ಇನಿಷಿಯಲ್ ಹಾಕಿದ್ದಾರೆ ಅಷ್ಟೇ."

ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಂದೆ ಹೆಸರು, ತಮ್ಮ ಹೆಸರು ಪೂರ್ತಿ ಬಿಡಿಸಿ ಬರೆದಿತ್ತು. ಲ್ಯಾಬಿನವರು ಆಧಾರ್ ನೋಡಿ ಎರಡು ಅಕ್ಷರ, ಒಂದು ಹೆಸರು ಬರೆದಿದ್ದರು. ನಮ್ಮ ಕಡೆ ಅರ್ಧ ಜನರ ಹೆಸರು ಹೀಗೇ. ಇನಿಷಿಯಲ್ ಯಾವುದು, ಸರ್‌ನೇಮ್ ಯಾವುದು ಎಂದು ನಮಗೇ ತಲೆಬುಡ ಗೊತ್ತಿರುವುದಿಲ್ಲ. ಹುಡುಗ ಕನ್ನಡದವನೇ, ಅವನಿಗೂ ಅರ್ಥವಾಯಿತು. ಆದರೆ ಅವನಿಗೆ ಅರ್ಥವಾಗಿ ಏನು ಪ್ರಯೋಜನ? ಆ ಕಡೆ ಇಳಿದಾಗ ನೋಡುವವನಿಗೆ ಅರ್ಥವಾಗಬೇಕಲ್ಲ. ಅವನು ಸೂಪರ್‌ವೈಸರ್‌ನನ್ನು ಕರೆದ. ಯಜಮಾನರು ಲ್ಯಾಬಿಗೆ ಫೋನ್ ಮಾಡಿದರು. ರಾತ್ರಿ ಪಾಳಿಯಲ್ಲಿದ್ದ ಪುಣ್ಯಾತ್ಮನೊಬ್ಬ ಫೋನ್ ಎತ್ತಿ, ಹೆಸರು ತಿದ್ದಿ, ಹೊಸ ಪಿಡಿಎಫ್ ವಾಟ್ಸ್‌ಆಪ್ ಮಾಡಿದ. ಕೌಂಟರ್ ಮುಚ್ಚಲು ಸ್ವಲ್ಪವೇ ಹೊತ್ತು ಉಳಿದಿತ್ತು. ಆ ದಂಪತಿಗೆ ಬೋರ್ಡಿಂಗ್ ಪಾಸ್ ಸಿಕ್ಕಿತು. ಪಕ್ಕದ ಸಾಲಿನಲ್ಲಿದ್ದ ಒಬ್ಬ ಹುಡುಗನಿಗೆ ಸಿಗಲಿಲ್ಲ. ಅವನ ರಿಪೋರ್ಟಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಲ್ಯಾಬಿನ ವೆಬ್‌ಸೈಟ್ ತೆರೆಯುತ್ತಲೇ ಇರಲಿಲ್ಲ.

ವೈರಸ್ ಇದೆಯೋ ಇಲ್ಲವೋ ಎಂಬುದಕ್ಕೂ ಈ ಎರಡು ತಾಪತ್ರಯಕ್ಕೂ ಏನೂ ಸಂಬಂಧವಿರಲಿಲ್ಲ.

ಗಂಟೆ ಎಣಿಸುವ ಲೆಕ್ಕ

ಹೆಸರಿನ ತೊಡಕು ಹೇಗೋ ಬಗೆಹರಿಯುತ್ತಿತ್ತು. ಗಂಟೆಯ ಲೆಕ್ಕ ಹಾಗಲ್ಲ. ನೆಗೆಟಿವ್ ರಿಪೋರ್ಟ್ ಬೇಕು ಎಂದು ಎಲ್ಲ ದೇಶವೂ ಹೇಳಿತು. ಎಷ್ಟು ಹಳೆಯ ರಿಪೋರ್ಟ್ ನಡೆಯುತ್ತದೆ, ಎಲ್ಲಿಂದ ಎಣಿಸಬೇಕು ಎಂಬುದನ್ನು ಒಂದೊಂದು ದೇಶ ಒಂದೊಂದು ಥರ ಹೇಳಿತು. ಸ್ಯಾಂಪಲ್ ಕೊಟ್ಟ ಹೊತ್ತಿನಿಂದಲೋ, ರಿಪೋರ್ಟ್ ಬಂದ ಹೊತ್ತಿನಿಂದಲೋ? ಮೊದಲ ವಿಮಾನ ಹೊರಡುವವರೆಗೋ, ಕೊನೆಯ ವಿಮಾನ ಇಳಿಯುವವರೆಗೋ?

ಭಾರತಕ್ಕೆ ಬರುವವರಿಗೆ 2021ರ ಫೆಬ್ರುವರಿ 22ರಿಂದ ಪ್ರಯಾಣಕ್ಕೆ ಮುಂಚಿನ 72 ಗಂಟೆಯೊಳಗೆ ಮಾಡಿಸಿದ ಪರೀಕ್ಷೆ ಕಡ್ಡಾಯವಾಯಿತು. ಯುಎಇಗೆ 48 ಗಂಟೆ, ಅದೂ ಸ್ಯಾಂಪಲ್ ಕೊಟ್ಟ ಹೊತ್ತಿನಿಂದ. ಅಮೆರಿಕ ಮೊದಲು ಮೂರು ದಿನ ಎಂದಿತು. ಒಮಿಕ್ರಾನ್ ಬಂದ ಮೇಲೆ, 2021ರ ಡಿಸೆಂಬರ್ 6ರಿಂದ, ಅದನ್ನು ಒಂದು ದಿನಕ್ಕೆ ಇಳಿಸಿತು. ಇಲ್ಲೊಂದು ತಮಾಷೆ ಇದೆ. ಅವರು ಹೇಳಿದ ಒಂದು ದಿನ 24 ಗಂಟೆಯಲ್ಲ, ಕ್ಯಾಲೆಂಡರಿನ ದಿನ. ಗುರುವಾರ ರಾತ್ರಿ 11:50ಕ್ಕೆ ವಿಮಾನವಿದ್ದರೆ ಬುಧವಾರ ಬೆಳಗ್ಗೆ ಮಾಡಿಸಿದ ಪರೀಕ್ಷೆ ನಡೆಯುತ್ತದೆ. ಅದೇ ವಿಮಾನ ಇಪ್ಪತ್ತು ನಿಮಿಷ ಆಮೇಲೆ, 12:10ಕ್ಕೆ, ಹೊರಡುವುದೆಂದು ಟಿಕೆಟ್‌ನಲ್ಲಿದ್ದರೆ ಆ ಪರೀಕ್ಷೆ ನಡೆಯದು, ಗುರುವಾರ ಮತ್ತೆ ಮಾಡಿಸಬೇಕು. ಬೆಂಗಳೂರಿನಿಂದ ದೂರದ ದೇಶಗಳಿಗೆ ಹೋಗುವ ವಿಮಾನಗಳು ಹೆಚ್ಚಾಗಿ ನಡುರಾತ್ರಿ ಆಸುಪಾಸಿನವೇ. ಇದನ್ನು ಲೆಕ್ಕ ಹಾಕಲು ಎಷ್ಟು ಮನೆಯಲ್ಲಿ ಪೆನ್ನು ಕಾಗದ ಹಿಡಿದು ಕೂತರೋ.

ಗಲ್ಫ್‌ಗೆ ಹೋಗುವವರ ಕಥೆ ಇನ್ನೂ ಕಷ್ಟದ್ದು. ಎರಡನೇ ಅಲೆ ಏರುತ್ತಿದ್ದಾಗ, 2021ರ ಏಪ್ರಿಲ್ ಕೊನೇ ವಾರ, ಯುಎಇ ಭಾರತದಿಂದ ಬರುವವರಿಗೆ ಬಾಗಿಲು ಹಾಕಿತು. ರಜೆಗೆ ಊರಿಗೆ ಬಂದವರು, ತಂದೆ ತಾಯಿಯ ಕಾರ್ಯಕ್ಕೆ ಬಂದವರು ಇಲ್ಲೇ ಉಳಿದರು. ಬಾಗಿಲು ಸ್ವಲ್ಪ ತೆರೆದದ್ದು ಆಗಸ್ಟ್ 5ಕ್ಕೆ. ಅಲ್ಲಿಯ ವಾಸದ ವೀಸಾ ಇದ್ದು, ಅಲ್ಲೇ ಎರಡು ಡೋಸ್ ಹಾಕಿಸಿಕೊಂಡವರು ಮೊದಲು ಬನ್ನಿ ಎಂದರು. ಜೊತೆಗೆ ಹೊಸ ಷರತ್ತು: 48 ಗಂಟೆಯ ಆರ್‌ಟಿ-ಪಿಸಿಆರ್ ಸಾಲದು, ಹತ್ತುವ ವಿಮಾನ ನಿಲ್ದಾಣದಲ್ಲೇ ರ‍್ಯಾಪಿಡ್ ಪಿಸಿಆರ್ ಮಾಡಿಸಬೇಕು. ಮೊದಲು ನಾಲ್ಕು ಗಂಟೆಯೊಳಗೆ ಎಂದರು, ಆಮೇಲೆ ಆರು ಗಂಟೆ ಮಾಡಿದರು. ಆ ಯಂತ್ರ ಎಲ್ಲ ನಿಲ್ದಾಣದಲ್ಲೂ ಇರಲಿಲ್ಲ. ಮಂಗಳೂರಿನಲ್ಲಿ ಮೊದಲ ದಿನಗಳಲ್ಲಿ ಇರಲಿಲ್ಲ. ಹಾಗಾಗಿ ಉಡುಪಿ, ಕುಂದಾಪುರ, ಭಟ್ಕಳದವರು ಮನೆ ಹತ್ತಿರದ ವಿಮಾನ ನಿಲ್ದಾಣ ಬಿಟ್ಟು ಬೇರೆ ಕಡೆ ಹೋಗಬೇಕಾಯಿತು.

ಯಂತ್ರ ಬಂದ ಮೇಲಾದರೂ ಸುಲಭವಾಯಿತೇ? ಭಟ್ಕಳದ ಒಬ್ಬರಿಗೆ ಭಾನುವಾರ ನಸುಕಿನ ಎರಡು ಗಂಟೆಗೆ ಮಂಗಳೂರಿನಿಂದ ವಿಮಾನ ಇದೆ ಅಂದುಕೊಳ್ಳಿ. ಶುಕ್ರವಾರ ನಸುಕಿನ ಎರಡಕ್ಕಿಂತ ಮೊದಲು ಸ್ಯಾಂಪಲ್ ಕೊಟ್ಟರೆ ಲೆಕ್ಕಕ್ಕಿಲ್ಲ. ಶುಕ್ರವಾರ ಬೆಳಗ್ಗೆ ಕೊಡಬೇಕು. ರಿಪೋರ್ಟ್ ಶನಿವಾರ ಸಂಜೆಯೊಳಗೆ ಬರಬೇಕು, ಅದರಲ್ಲಿ ಕ್ಯೂಆರ್ ಕೋಡ್ ಇರಬೇಕು. ಮಂಗಳೂರಿಗೆ ಮೂರು ಗಂಟೆ ದಾರಿ. ರಾತ್ರಿ ಎಂಟಕ್ಕೆಲ್ಲ ನಿಲ್ದಾಣ ಮುಟ್ಟಿ ರ‍್ಯಾಪಿಡ್ ಪಿಸಿಆರ್ ಸಾಲಿನಲ್ಲಿ ನಿಲ್ಲಬೇಕು. ಅದಕ್ಕೆ ತಲೆಗೆ ಸಾವಿರಾರು ರೂಪಾಯಿ. ಇಷ್ಟರಲ್ಲಿ ವಿಮಾನ ಒಂದು ದಿನ ಮುಂದೆ ಹೋಯಿತೋ, ಕೈಯಲ್ಲಿರುವ ರಿಪೋರ್ಟ್ ರದ್ದಿ. ಎಲ್ಲ ಸರಿಯಾಗಿ ಬಂದು, ನಿಲ್ದಾಣದ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಅಲ್ಲಿಗೆ ಮುಗಿಯಿತು. ಟ್ಯಾಕ್ಸಿ ವಾಪಸ್ ಹೋಗಿರುತ್ತದೆ. ಪಾಸಿಟಿವ್ ಎಂದ ಮೇಲೆ ಬಸ್ ಹತ್ತುವ ಹಾಗಿಲ್ಲ. ನಿನ್ನೆಯ ರಿಪೋರ್ಟ್ ನೆಗೆಟಿವ್ ಇತ್ತಲ್ಲ ಎಂದು ಯಾರನ್ನು ಕೇಳುವುದು?

ಒಂದು ದಿನದ ಅಂತರದಲ್ಲಿ ಎರಡು ಪರೀಕ್ಷೆ ಬೇರೆ ಬೇರೆ ಫಲಿತಾಂಶ ಕೊಡುವುದು ಅಚ್ಚರಿಯಲ್ಲ. ಪಿಸಿಆರ್ ವೈರಸ್ಸಿನ ಚೂರುಪಾರನ್ನೂ ಹಿಡಿಯುತ್ತದೆ. ಗುಣವಾಗಿ ವಾರಗಳಾದ ಮೇಲೂ, ಇನ್ನೊಬ್ಬರಿಗೆ ಹರಡುವ ಶಕ್ತಿ ಹೋದ ಮೇಲೂ, ಪಾಸಿಟಿವ್ ತೋರಿಸಬಹುದು. ಅಮೆರಿಕ ಇದನ್ನು ಒಪ್ಪಿತ್ತು. 90 ದಿನದೊಳಗೆ ಕೋವಿಡ್ ಬಂದು ವಾಸಿಯಾಗಿದ್ದರೆ ಹಳೆಯ ಪಾಸಿಟಿವ್ ರಿಪೋರ್ಟು ಮತ್ತು ಡಾಕ್ಟರ ಪತ್ರ ತೋರಿಸಿ ಹತ್ತಬಹುದಿತ್ತು. ಬೇರೆ ಎಷ್ಟೋ ದೇಶಗಳಲ್ಲಿ ಆ ರಿಯಾಯಿತಿ ಇರಲಿಲ್ಲ. ಕಾಯಿಲೆ ಬಂದು ಹೋದವರು, ನಿಜಕ್ಕೂ ಕಡಿಮೆ ಅಪಾಯದವರು, ತಿಂಗಳುಗಟ್ಟಲೆ ಕಾದರು.

ಇದರ ಮೇಲೆ ಅನುಮತಿ ಪತ್ರಗಳು. ದುಬೈ ವೀಸಾದವರಿಗೆ ಜಿಡಿಆರ್‌ಎಫ್‌ಎ (ದುಬೈನ ವಲಸೆ ಇಲಾಖೆ) ಅನುಮತಿ, ಶಾರ್ಜಾ, ಅಬುಧಾಬಿ ಮುಂತಾದ ಕಡೆಯ ವೀಸಾದವರಿಗೆ ಐಸಿಎ (ಯುಎಇಯ ಕೇಂದ್ರ ಪ್ರಾಧಿಕಾರ) ಅನುಮತಿ. ವೆಬ್‌ಸೈಟಿನಲ್ಲಿ ವಿವರ ತುಂಬಿದರೆ ಹಸಿರು ಬರಬೇಕು, ಕೆಂಪು ಬಂದರೆ ಕಾಯಬೇಕು. ಯಾಕೆ ಕೆಂಪು ಬಂತು ಎಂದು ಅದು ಹೇಳುತ್ತಿರಲಿಲ್ಲ. ಬೆಳಗ್ಗೆ ಕೆಂಪು ಇದ್ದದ್ದು ಸಂಜೆ ಹಸಿರಾಗುತ್ತಿತ್ತು. ಟ್ರಾವೆಲ್ಸ್ ಅಂಗಡಿಯವರಿಗೆ ದಿನವಿಡೀ ಇದೇ ಕೆಲಸ. ಇತ್ತ ಭಾರತಕ್ಕೆ ಬರುವವರಿಗೆ ಏರ್ ಸುವಿಧಾ ಪೋರ್ಟಲ್. ಅದರಲ್ಲಿ ಪಾಸ್‌ಪೋರ್ಟ್ ಪ್ರತಿ, ರಿಪೋರ್ಟ್ ಪ್ರತಿ, ಹೋದ ಬಂದ ದೇಶ, ಸೀಟ್ ನಂಬರ್ ಕೂಡ ತುಂಬಬೇಕಿತ್ತು. ಚೆಕ್-ಇನ್ ಆಗದೆ ಸೀಟ್ ನಂಬರ್ ಎಲ್ಲಿಂದ ತರುವುದು? ಈ ಫಾರಂ ಇಲ್ಲದೆ ಚೆಕ್-ಇನ್ ಮಾಡುತ್ತಿರಲಿಲ್ಲ. ಜನ ಬಾಯಿಗೆ ಬಂದ ನಂಬರ್ ಹಾಕಿ ಕಳಿಸುತ್ತಿದ್ದರು.

ನಮ್ಮ ಸೂಜಿ, ಅವರ ಪಟ್ಟಿ

ಲಸಿಕೆ ಬಂದ ಮೇಲೆ ಇದೆಲ್ಲ ಮುಗಿಯುತ್ತದೆ ಎಂದುಕೊಂಡಿದ್ದರು. ಇನ್ನೊಂದು ಸುತ್ತು ಶುರುವಾಯಿತು.

2021ರ ಮೇ ತಿಂಗಳಲ್ಲಿ ಕೋವಿಶೀಲ್ಡ್ ಎರಡು ಡೋಸ್‌ಗಳ ನಡುವಿನ ಅಂತರವನ್ನು 12-16 ವಾರಕ್ಕೆ ಏರಿಸಿದರು. ಆಗಸ್ಟ್, ಸೆಪ್ಟೆಂಬರಿನಲ್ಲಿ ಕಾಲೇಜು ಶುರುವಾಗುವ ವಿದ್ಯಾರ್ಥಿಗಳು ಕಂಗಾಲಾದರು. ಜೂನ್ 7ರಂದು ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿತು: ಓದಲು, ಕೆಲಸಕ್ಕೆ, ಟೋಕಿಯೊ ಒಲಿಂಪಿಕ್ಸ್‌ಗೆ ಹೋಗುವವರು 28 ದಿನದ ಮೇಲೆ ಎರಡನೇ ಡೋಸ್ ಪಡೆಯಬಹುದು, ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಸೇರಿಸಬಹುದು. ಒಳ್ಳೆಯ ತೀರ್ಮಾನ. ಆದರೆ ಕೋವಿನ್ ಸರ್ಟಿಫಿಕೇಟಿನಲ್ಲಿ ಹುಟ್ಟಿದ ತಾರೀಕು ಪೂರ್ತಿ ಇರಲಿಲ್ಲ, ವಯಸ್ಸು ಅಥವಾ ಹುಟ್ಟಿದ ವರ್ಷ ಅಷ್ಟೇ.

ಈ ಸಣ್ಣ ವಿಷಯ ಬ್ರಿಟನ್ ಜೊತೆ ದೊಡ್ಡ ಜಗಳಕ್ಕೆ ಸೇರಿಕೊಂಡಿತು. ಅಕ್ಟೋಬರ್ 4ರಿಂದ ಜಾರಿಗೆ ಬರುವ ಹೊಸ ನಿಯಮವನ್ನು ಬ್ರಿಟನ್ 2021ರ ಸೆಪ್ಟೆಂಬರ್ 17ರಂದು ಹೇಳಿತು. ಭಾರತದಲ್ಲಿ ಲಸಿಕೆ ಪಡೆದವರನ್ನು ಲಸಿಕೆ ಪಡೆಯದವರ ಲೆಕ್ಕಕ್ಕೇ ಸೇರಿಸಿತು. ಕೋವಿಶೀಲ್ಡ್ ಅಂದರೆ ಆಕ್ಸ್‌ಫರ್ಡ್-ಆಸ್ಟ್ರಾಜೆನೆಕಾ ಲಸಿಕೆಯೇ, ತಯಾರಾಗುತ್ತಿದ್ದದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ. ಅಲ್ಲಿಂದಲೇ 50 ಲಕ್ಷ ಡೋಸ್ ತರಿಸಿ ಬ್ರಿಟನ್ ತನ್ನ ಜನಕ್ಕೇ ಹಾಕಿತ್ತು! ಸೆಪ್ಟೆಂಬರ್ 22ರಂದು ಲಸಿಕೆಯನ್ನು ಪಟ್ಟಿಗೆ ಸೇರಿಸಿದರು. ಆದರೂ ಸರ್ಟಿಫಿಕೇಟ್ ಒಪ್ಪುವ ದೇಶಗಳ ಪಟ್ಟಿಯಲ್ಲಿ ಭಾರತದ ಹೆಸರಿರಲಿಲ್ಲ. ಸೂಜಿ ಸರಿ, ಚೀಟಿ ಸರಿಯಿಲ್ಲ ಎಂಬ ಹಾಗೆ. ಅಕ್ಟೋಬರ್ 4ರಿಂದ ಭಾರತವೂ ಬ್ರಿಟಿಷರಿಗೆ ಹತ್ತು ದಿನದ ಕ್ವಾರಂಟೈನ್ ಹಾಕಿತು. ಅದಾದ ಕೆಲವೇ ದಿನಕ್ಕೆ, ಅಕ್ಟೋಬರ್ 11ರಿಂದ, ಬ್ರಿಟನ್ ಒಪ್ಪಿಕೊಂಡಿತು. ಆ ಮೂರ್ನಾಲ್ಕು ವಾರದಲ್ಲಿ ವೈರಸ್ಸಿನಲ್ಲಾಗಲಿ ಲಸಿಕೆಯಲ್ಲಾಗಲಿ ಏನೂ ಬದಲಾಗಿರಲಿಲ್ಲ.

ಕೋವ್ಯಾಕ್ಸಿನ್ ಹಾಕಿಸಿಕೊಂಡವರ ಪಾಡು ಇದಕ್ಕಿಂತ ಕಡೆ. 2021ರ ಜನವರಿ 16ರಂದು ಭಾರತದಲ್ಲಿ ಲಸಿಕೆ ಹಾಕಲು ಶುರುಮಾಡಿದಾಗಲೇ ಅದು ಇತ್ತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ತುರ್ತು ಬಳಕೆ ಪಟ್ಟಿಗೆ ಸೇರಿಸಿದ್ದು ನವೆಂಬರ್ 3ಕ್ಕೆ. ಆರಂಭದಲ್ಲಿ ಯಾವ ಕೇಂದ್ರದಲ್ಲಿ ಯಾವ ಲಸಿಕೆ ಇದೆಯೋ ಅದನ್ನೇ ಹಾಕುತ್ತಿದ್ದರು, ಆಯ್ಕೆ ಕೇಳುವ ಪರಿಸ್ಥಿತಿ ಇರಲಿಲ್ಲ. ಲಸಿಕೆಗೆ ಮೊದಲು ಮುಂದೆ ಬಂದವರೇ ಹೆಚ್ಚು ದಿನ ಕಾಯುವ ಹಾಗಾಯಿತು. ನವೆಂಬರ್ 8ರಿಂದ ಅಮೆರಿಕ ಲಸಿಕೆ ಪಡೆದವರಿಗೆ ಬಾಗಿಲು ತೆರೆದಾಗ ಕೋವ್ಯಾಕ್ಸಿನ್‌ನವರೂ ಹೋಗಲು ಸಾಧ್ಯವಾದದ್ದು ಐದು ದಿನ ಮುಂಚೆ ಬಂದ ಆ ಒಪ್ಪಿಗೆಯಿಂದ.

ಸುತ್ತು ದಾರಿ, ಸುತ್ತು ದುಡ್ಡು

ನೇರ ದಾರಿ ಮುಚ್ಚಿದಾಗ ಜನ ಸುಮ್ಮನೆ ಕೂರಲಿಲ್ಲ. ಕೆನಡಾ 2021ರ ಏಪ್ರಿಲ್ 22ರಿಂದ ಸೆಪ್ಟೆಂಬರ್ ಕೊನೆವರೆಗೆ ಭಾರತದ ನೇರ ವಿಮಾನ ನಿಲ್ಲಿಸಿತ್ತು. ಬೇರೆ ದಾರಿಯಲ್ಲಿ ಬರುವವರು ಮೂರನೇ ದೇಶದಲ್ಲಿ ಪರೀಕ್ಷೆ ಮಾಡಿಸಿಕೊಂಡು ಬರಬೇಕಿತ್ತು. ವಿದ್ಯಾರ್ಥಿಗಳು ಮೆಕ್ಸಿಕೊ, ಮಾಲ್ಡೀವ್ಸ್, ಸರ್ಬಿಯಾ ಸುತ್ತಿಕೊಂಡು ಹೋದರು. ವೈರಸ್ ತಡೆಯಲು ಮಾಡಿದ ನಿಯಮ ಜನರನ್ನು ಇನ್ನೂ ಎರಡು ವಿಮಾನ, ಒಂದು ಹೋಟೆಲು, ಮೂರು ಸಾಲುಗಳಲ್ಲಿ ಹೆಚ್ಚಿಗೆ ನಿಲ್ಲಿಸಿತು. ವಿಮಾನ ಮತ್ತೆ ಶುರುವಾದ ಮೇಲೂ ದೆಹಲಿ ನಿಲ್ದಾಣದ ಒಂದೇ ಲ್ಯಾಬಿನ, ಹೊರಡುವ 18 ಗಂಟೆಯೊಳಗಿನ ರಿಪೋರ್ಟ್ ಮಾತ್ರ ನಡೆಯುತ್ತಿತ್ತು. ಬೆಂಗಳೂರಿನವರು ಮೊದಲು ದೆಹಲಿಗೆ ಹೋಗಿ ಕೂರಬೇಕು.

ಸೌದಿಗೆ ಹೋಗುವವರು ನೇಪಾಳ, ಮಾಲ್ಡೀವ್ಸ್, ಬಹರೇನ್‌ಗಳಲ್ಲಿ 14 ದಿನ ಇದ್ದು ಮುಂದೆ ಹೋಗುತ್ತಿದ್ದರು. ಅದಕ್ಕೆ ಏಜೆಂಟರು ಪ್ಯಾಕೇಜ್ ಮಾಡಿದ್ದರು: ಟಿಕೆಟ್, ರೂಮು, ಊಟ, ಪರೀಕ್ಷೆ ಎಲ್ಲ ಸೇರಿ ಇಷ್ಟು ಅಂತ. ಏಪ್ರಿಲ್ ಕೊನೆಗೆ ನೇಪಾಳ ಹೀಗೆ ಹಾದುಹೋಗುವವರನ್ನು ಬೇಡ ಎಂದಿತು. ದುಡ್ಡು ಕಟ್ಟಿ ಕಾಠ್ಮಂಡುವಿನಲ್ಲಿ ಕೂತವರು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ತಿಂಗಳ ಸಂಬಳಕ್ಕೆ ದುಡಿಯುವ ಡ್ರೈವರ್, ಅಂಗಡಿ ಕೆಲಸದವರೇ ಇವರಲ್ಲಿ ಜಾಸ್ತಿ. ಸಾಫ್ಟ್‌ವೇರ್‌ನವರಿಗೆ ಮನೆಯಿಂದಲೇ ಕೆಲಸ ಇತ್ತು. ಇವರಿಗೆ ಅಲ್ಲಿ ಹೋಗದಿದ್ದರೆ ಕೆಲಸವೂ ಇಲ್ಲ, ವೀಸಾ ಅವಧಿಯೂ ಮುಗಿಯುತ್ತದೆ.

ಸ್ವಂತ ಪ್ರಜೆಗಳನ್ನೇ ಬರಬೇಡಿ ಎಂದ ದೇಶಗಳೂ ಇದ್ದವು. 2021ರ ಮೇ 3ರಿಂದ ಆಸ್ಟ್ರೇಲಿಯಾ, ಭಾರತದಲ್ಲಿದ್ದು ಬರುವ ತನ್ನ ಪ್ರಜೆಗಳಿಗೆ ಐದು ವರ್ಷದವರೆಗೆ ಜೈಲು, 66,600 ಡಾಲರ್‌ವರೆಗೆ ದಂಡ ಎಂದಿತು. ಆಗ ಭಾರತದಲ್ಲಿ ಸುಮಾರು 9,000 ಆಸ್ಟ್ರೇಲಿಯನ್ನರು ಸಿಕ್ಕಿಕೊಂಡಿದ್ದರು. ಮೇ 15ಕ್ಕೆ ಅದು ತೆರವಾಗಿ ಮೊದಲ ವಿಮಾನ ಡಾರ್ವಿನ್‌ಗೆ ಹೊರಟಾಗ, ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರು, ಅವರ ಜೊತೆಗಿದ್ದವರು ಸೇರಿ 70ಕ್ಕೂ ಹೆಚ್ಚು ಮಂದಿ ಇಲ್ಲೇ ಉಳಿದರು. ನ್ಯೂಜಿಲೆಂಡ್‌ನಲ್ಲಿ ಕ್ವಾರಂಟೈನ್ ಹೋಟೆಲಿನ ಜಾಗಕ್ಕೆ ಲಾಟರಿ. ಆ ಲಾಟರಿ ಪ್ರಜೆಗಳ ಹಕ್ಕನ್ನು ಸರಿಯಾದ ಕಾರಣವಿಲ್ಲದೆ ಮೊಟಕು ಮಾಡಿತು ಎಂದು ಅಲ್ಲಿನ ಹೈಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿತು.

ರದ್ದಾದ ಟಿಕೆಟ್ಟಿನ ದುಡ್ಡಿನ ಪ್ರಶ್ನೆ ನಮ್ಮಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏರ್‌ಲೈನ್‌ಗಳು ದುಡ್ಡು ವಾಪಸ್ ಕೊಡದೆ ಕ್ರೆಡಿಟ್ ಶೆಲ್ ಕೊಡುತ್ತಿದ್ದವು, ಅಂದರೆ ಮುಂದೆ ಅದೇ ಏರ್‌ಲೈನ್‌ನಲ್ಲಿ ಹೋಗಿ ಎಂದು. ಯಾವಾಗ ಹೋಗುವುದು? 2020ರ ಅಕ್ಟೋಬರ್ 1ರ ತೀರ್ಪಿನಲ್ಲಿ, ಲಾಕ್‌ಡೌನ್ ಹೊತ್ತಲ್ಲಿ ಆ ಅವಧಿಯ ಪ್ರಯಾಣಕ್ಕೆಂದೇ ತೆಗೆದ ಟಿಕೆಟ್‌ಗಳ ಪೂರ್ತಿ ಹಣ ವಾಪಸ್ ಕೊಡಿ ಎಂದಿತು. ಮೊದಲೇ ತೆಗೆದವಕ್ಕೆ 15 ದಿನದಲ್ಲಿ ಹಣ ಕೊಡಿ, ಏರ್‌ಲೈನ್ ಕಷ್ಟದಲ್ಲಿದ್ದರೆ 2021ರ ಮಾರ್ಚ್ 31ರವರೆಗೆ ಬಳಸುವ ಕ್ರೆಡಿಟ್ ಶೆಲ್ ಕೊಡಿ, ಅದರ ಮೊತ್ತಕ್ಕೆ ತಿಂಗಳಿಗಿಷ್ಟು ಎಂದು ಸೇರಿಸಿ ಎಂದಿತು. ಆ ಮಾರ್ಚ್ 31 ಬಂದಾಗಲೂ ಮಾಮೂಲಿ ವಿದೇಶಿ ವಿಮಾನ ಶುರುವಾಗಿರಲಿಲ್ಲ.

ಇಷ್ಟಕ್ಕೂ ವೈರಸ್ ನಿಂತಿತೇ?

ದ್ವೀಪ ದೇಶಗಳ ಮಟ್ಟಿಗೆ ಸ್ವಲ್ಪ ಕಾಲ ನಿಂತಿತು. ಅದನ್ನು ಅಲ್ಲಗಳೆಯಬಾರದು. ಲಸಿಕೆ ಬರುವವರೆಗೆ ನ್ಯೂಜಿಲೆಂಡ್ ಸಾವಿರಾರು ಜೀವ ಉಳಿಸಿಕೊಂಡಿತು. ಆದರೆ ಒಳಗೆ ಹರಡಿ ಆದ ಮೇಲೆ ಬಾಗಿಲು ಹಾಕಿದ ದೇಶಗಳಿಗೆ ಅಷ್ಟು ಲಾಭವಾಗಲಿಲ್ಲ.

ಭಾರತದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಸೌದಿಯಿಂದ ಬಂದಿದ್ದ ಹಿರಿಯರು ಅವರು. ಊರು ಸೇರಿದಾಗ ಲಕ್ಷಣ ಇರಲಿಲ್ಲ, ಕೆಲವು ದಿನದ ಮೇಲೆ ಜ್ವರ ಬಂತು. ನಿಲ್ದಾಣದಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್ ಜ್ವರ ಇದ್ದವರನ್ನು ಹಿಡಿಯಬಹುದು, ಜ್ವರ ಬರಲಿರುವವರನ್ನು ಹಿಡಿಯಲಾರದು.

ಇನ್ನೊಂದು ಉದಾಹರಣೆ ಬೆಂಗಳೂರಿನದು. ದಕ್ಷಿಣ ಆಫ್ರಿಕಾ 2021ರ ನವೆಂಬರ್ 24ರಂದು ಹೊಸ ತಳಿಯ ವಿಷಯ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು. 26ಕ್ಕೆ ಅದಕ್ಕೆ ಒಮಿಕ್ರಾನ್ ಎಂದು ಹೆಸರಾಯಿತು. ಸುದ್ದಿ ಹೇಳಿದ ದೇಶಕ್ಕೇ ಮೊದಲು ವಿಮಾನ ನಿಂತಿತು. ಡಿಸೆಂಬರ್ 1ರಿಂದ ಭಾರತ "ಅಪಾಯದ ದೇಶ"ಗಳ ಪಟ್ಟಿ ಜಾರಿ ಮಾಡಿತು. ಆ ದೇಶಗಳಿಂದ ಬಂದವರು ನಿಲ್ದಾಣದಲ್ಲೇ ಪರೀಕ್ಷೆ ಮಾಡಿಸಿ ರಿಪೋರ್ಟ್ ಬರುವವರೆಗೆ ಕೂರಬೇಕು, ನೆಗೆಟಿವ್ ಬಂದರೂ ಏಳು ದಿನ ಮನೆಯಲ್ಲಿರಬೇಕು, ಎಂಟನೇ ದಿನ ಮತ್ತೆ ಪರೀಕ್ಷೆ. ಮರುದಿನ, ಡಿಸೆಂಬರ್ 2ಕ್ಕೆ, ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣ ಪ್ರಕಟವಾದವು, ಎರಡೂ ಬೆಂಗಳೂರಿನಲ್ಲಿ. ಒಬ್ಬರು ದಕ್ಷಿಣ ಆಫ್ರಿಕಾದ ಪ್ರಜೆ. ನೆಗೆಟಿವ್ ರಿಪೋರ್ಟ್ ಹಿಡಿದು ಬಂದಿದ್ದವರು, ಪ್ರಕಟಣೆ ಬರುವಷ್ಟರಲ್ಲಿ ದುಬೈಗೆ ಹೋಗಿಯೂ ಆಗಿತ್ತು. ಇನ್ನೊಬ್ಬರು ಬೆಂಗಳೂರಿನದೇ ಡಾಕ್ಟರ್. ಅವರು ವಿದೇಶಕ್ಕೆ ಹೋಗಿಯೇ ಇರಲಿಲ್ಲ. ಅಂದರೆ ಪಟ್ಟಿ ಬರುವ ಮೊದಲೇ ತಳಿ ಊರೊಳಗೆ ಇತ್ತು. ಆದರೂ ನಿಲ್ದಾಣದ ಬೆಂಚುಗಳ ಮೇಲೆ ಮಕ್ಕಳು ಮರಿ ಕಟ್ಟಿಕೊಂಡು ಗಂಟೆಗಟ್ಟಲೆ ಕಾಯುವುದು ತಪ್ಪಲಿಲ್ಲ. 2022ರ ಜನವರಿ 11ರಿಂದ ಏಳು ದಿನದ ಮನೆವಾಸವನ್ನು ಎಲ್ಲ ದೇಶದಿಂದ ಬರುವವರಿಗೂ ಹಾಕಿದರು. ಆಗ ಊರೊಳಗೇ ಸೋಂಕು ಜೋರಾಗಿ ಹರಡುತ್ತಿತ್ತು. ಫೆಬ್ರುವರಿ 14ಕ್ಕೆ ಅದನ್ನು ತೆಗೆದರು. ಏರ್ ಸುವಿಧಾ ಹೋದದ್ದು 2022ರ ನವೆಂಬರ್‌ನಲ್ಲಿ. 2023ರ ಜನವರಿಯಲ್ಲಿ ಚೀನಾ, ಜಪಾನ್ ಸೇರಿ ಆರು ಕಡೆಯಿಂದ ಬರುವವರಿಗೆ ಮತ್ತೆ ಬಂತು, ಫೆಬ್ರುವರಿಯಲ್ಲಿ ಮತ್ತೆ ಹೋಯಿತು.

ಕಾಗದ ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿ ಮೊದಲೇ ಇತ್ತು, ಅದೇ ಹಳದಿ ಜ್ವರದ ಕಾರ್ಡ್. ಆಫ್ರಿಕಾದ ಎಷ್ಟೋ ದೇಶಗಳಿಗೆ ಹೋಗುವವರಿಗೆ ಅದು ಗೊತ್ತು. ಒಂದೇ ನಮೂನೆ, ಎಲ್ಲ ದೇಶಕ್ಕೂ ಒಂದೇ ಲೆಕ್ಕ: ಸೂಜಿ ಹಾಕಿಸಿದ ಹತ್ತು ದಿನದ ಮೇಲೆ ಚಾಲ್ತಿ, 2016ರಿಂದ ಜೀವನಪೂರ್ತಿ ಚಾಲ್ತಿ. ಕಾರ್ಡ್ ಇಲ್ಲದೆ ಅಂಥ ದೇಶದಿಂದ ಭಾರತಕ್ಕೆ ಬಂದರೆ ಆರು ದಿನದವರೆಗೆ ಕ್ವಾರಂಟೈನ್. ಬಿಗಿ ನಿಯಮವೇ. ಆದರೆ ಕೌಂಟರಿನವನು ಅದನ್ನು ನೋಡಿ ತಲೆ ಕೆರೆದುಕೊಳ್ಳಬೇಕಿಲ್ಲ. ಇದು ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ಕೆಳಗೆ ಬರುತ್ತದೆ. ಕೋವಿಡ್ ಪರೀಕ್ಷೆಗಾಗಲಿ ಲಸಿಕೆಗಾಗಲಿ ಎಲ್ಲರೂ ಒಪ್ಪಿದ ಅಂಥ ಒಂದು ನಮೂನೆ ಕೊನೆವರೆಗೂ ಆಗಲಿಲ್ಲ.

ಆ ನಿಯಮಾವಳಿಯನ್ನು 2024ರ ಜೂನ್ 1ರಂದು ತಿದ್ದಿದರು. ತಿದ್ದುಪಡಿ 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಆರೋಗ್ಯದ ದಾಖಲೆಗಳು ಕಾಗದದಲ್ಲೂ ಇರಬಹುದು, ಡಿಜಿಟಲ್ಲೂ ಇರಬಹುದು, ಅವು ಅಸಲಿಯೇ ಎಂದು ಪರೀಕ್ಷಿಸುವ ಕ್ರಮಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗದರ್ಶನ ಕೊಡುತ್ತದೆ ಎಂಬುದು ಅದರಲ್ಲಿದೆ. ಇದು ತೆರೆಯದ ಕ್ಯೂಆರ್ ಕೋಡಿಗೆ, ಇನಿಷಿಯಲ್ ಹೆಸರಿಗೆ ಸ್ವಲ್ಪ ಪರಿಹಾರವಾದೀತು. ಗಂಟೆಯ ಲೆಕ್ಕ ಮಾತ್ರ ಹಾಗೇ ಇದೆ. 48 ಬೇಕೋ 72 ಬೇಕೋ, ಎಲ್ಲಿಂದ ಎಣಿಸಬೇಕು, ಯಾರನ್ನು ಯಾವಾಗ ಹತ್ತಿಸಬಾರದು ಎಂಬುದು ಇವತ್ತಿಗೂ ಆಯಾ ದೇಶದ ಇಷ್ಟ. ತಪ್ಪಾಗಿ ಹತ್ತಿಸಿದರೆ ದಂಡ ಇವತ್ತಿಗೂ ಏರ್‌ಲೈನ್‌ಗೇ. ಹತ್ತಿಸದೆ ಬಿಟ್ಟವರ ದೂರು ಕೇಳಲು ನಿಲ್ದಾಣದಲ್ಲಿ ಆ ರಾತ್ರಿ ಆರೋಗ್ಯ ಇಲಾಖೆಯ ಒಬ್ಬ ಅಧಿಕಾರಿ ಕೂತಿರಬೇಕು ಎಂಬ ಸಣ್ಣ ಏರ್ಪಾಡನ್ನು ಮಾಡಲು ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಬೇಕಿಲ್ಲ. ದೆಹಲಿಯಿಂದ ಒಂದು ಸುತ್ತೋಲೆ ಸಾಕು.